ನಾಲ್ಕು ಮೀಟರಿನ ಗಾಡಿಯೂ ಮಾಲೀಕರ ಮೌನವೂ

ಹೊಸದಾಗಿ ಮೋಟಾರು ಗಾಡಿಯನ್ನು ಕೊಂಡ ಗೃಹಸ್ಥನು ಅದರ ಗುಣವನ್ನು ಹತ್ತು ಮಂದಿಯ ಮುಂದೆ ವರ್ಣಿಸುತ್ತಾನೆ. ದೋಷವನ್ನು ಹೇಳಬೇಕಾಗಿ ಬಂದಾಗ ಮಾತ್ರ ಮೆಕ್ಯಾನಿಕನೊಬ್ಬನ ಕಿವಿಯನ್ನೇ ಹುಡುಕಿಕೊಂಡು ಹೋಗುತ್ತಾನೆ. ಇದು ಮನುಷ್ಯಸ್ವಭಾವವೆಂದು ನಾವು ಸುಮ್ಮನಿರಬಹುದಾಗಿತ್ತು. ಆದರೆ ಈಚಿನ ವರುಷಗಳಲ್ಲಿ ನಮ್ಮ ದೇಶದೊಳಗೆ ಮಾರಾಟವಾಗುತ್ತಿರುವ ಪ್ರಯಾಣಿಕ ಮೋಟಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಎಸ್‌ಯುವಿ ಮೊದಲಾದ ಎತ್ತರದ ಜಾತಿಯವು. ಅವುಗಳಲ್ಲಿಯೂ ಶಿವಮೊಗ್ಗದಂಥ ಜಿಲ್ಲಾ ಪಟ್ಟಣಗಳ ವಕೀಲರು, ಉಪಾಧ್ಯಾಯರು, ಸರಕಾರೀ ನೌಕರರು, ಅಡಕೆ ಮಂಡಿಯ ವರ್ತಕರು ಮನಸ್ಸಿಟ್ಟು ಕೊಳ್ಳುತ್ತಿರುವುದು ಕಾಂಪ್ಯಾಕ್ಟ್ ಎಸ್‌ಯುವಿ ಎಂಬ ಗಿಡ್ಡ ಗಾಡಿಯನ್ನು. ಸುಮಾರು 8 ಲಕ್ಷದಿಂದ 15 ಲಕ್ಷ ರೂಪಾಯಿಗಳವರೆಗೆ ಬೀಳುವ ಈ ಗಾಡಿಯು, ಮನೆಯೊಂದನ್ನು ಬಿಟ್ಟರೆ, ಮಧ್ಯಮ ಸ್ಥಿತಿಯ ಕುಟುಂಬವು ತನ್ನ ಆಯುಷ್ಯದಲ್ಲಿ ಮಾಡುವ ಅತ್ಯಂತ ದೊಡ್ಡ ಖರೀದಿ. ಐದರಿಂದ ಏಳು ವರುಷಗಳ ತನಕ ಬ್ಯಾಂಕಿನ ಕಂತು ಪ್ರತಿ ತಿಂಗಳೂ ಸಂಬಳದಿಂದ ಕಳೆಯುತ್ತಿರುತ್ತದೆ. ಆದಕಾರಣ ಇದು ಸಿರಿವಂತರ ಷೋಕಿಯ ಮಾತೆಂದು ವಾಚಕರು ಪುಟವನ್ನು ಮಗುಚಬಾರದಾಗಿ ಬೇಡುತ್ತೇವೆ.

ಮೊದಲು ಈ ಗಾಡಿಯ ಹುಟ್ಟನ್ನು ತಿಳಿಯತಕ್ಕದ್ದು. ಇದು ಹುಟ್ಟಿದ್ದು ರಸ್ತೆಯಿಂದಲ್ಲ, ತೆರಿಗೆಯಿಂದ. 2006ನೆಯ ಇಸವಿಯ ಕೇಂದ್ರ ಆಯವ್ಯಯದಲ್ಲಿ ಅರ್ಥಸಚಿವ ಪಿ. ಚಿದಂಬರಂ ಅವರು ಸಣ್ಣ ಕಾರುಗಳ ಮೇಲಣ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೆ ಯಾವುದೆಂಬ ಪ್ರಶ್ನೆಗೆ ಅಂದು ಕೊಟ್ಟ ಉತ್ತರವಿದು: ಉದ್ದವು 4,000 ಮಿಲಿಮೀಟರನ್ನು ಮೀರಬಾರದು; ಎಂಜಿನ್ನು ಪೆಟ್ರೋಲಿನದಾದರೆ 1,200 ಸಿ.ಸಿ.ಯನ್ನೂ ಡೀಸೆಲಿನದಾದರೆ 1,500 ಸಿ.ಸಿ.ಯನ್ನೂ ಮೀರಬಾರದು. ಸರಕು ಸೇವಾ ತೆರಿಗೆಯು 2017ರಲ್ಲಿ ಬಂದಾಗಲೂ ಈ ಗೆರೆಯು ಅಳಿಯಲಿಲ್ಲ. ಗೆರೆಯ ಒಳಗಿನ ಪೆಟ್ರೋಲ್ ಗಾಡಿಗೆ ಶೇಕಡಾ 28ರ ತೆರಿಗೆಯೂ ಅದರ ಮೇಲೆ 1ರ ಪರಿಹಾರ ಉಪಕರವೂ ಇದ್ದರೆ, ಗೆರೆಯಾಚೆಗಿನ ಗಾಡಿಗಳಿಗೆ ಅದೇ ವರುಷದ ಸೆಪ್ಟೆಂಬರಿನಿಂದ 17ರಿಂದ 22ರವರೆಗೆ ಉಪಕರ ಬಿದ್ದಿತು. 2025ರ ಸೆಪ್ಟೆಂಬರ್ 22ರಿಂದ ಉಪಕರವೇನೋ ಹೋಯಿತು. ಆದರೆ ಗೆರೆಯ ಒಳಗಿದ್ದರೆ 18, ಹೊರಗಿದ್ದರೆ 40 ಎಂಬ ಹೊಸ ಲೆಕ್ಕದಿಂದ ಅಂತರವು ಹಿಂದಿಗಿಂತಲೂ ಅಗಲವಾಯಿತು.

ಹೀಗಿರಲು ಕಾರ್ಖಾನೆಯವರು ಮಾಡಿದ್ದೇನು? ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಅಕ್ಷರಶಃ ಪಾಲಿಸಿದರು. 2009ರಲ್ಲಿ ಪ್ರೀಮಿಯರ್ ಕಂಪನಿಯ ರಿಯೊ ಬಂದು ಯಾರ ಗಮನಕ್ಕೂ ಬೀಳದೆ ಹೋಯಿತು. 2013ರ ಜೂನಿನಲ್ಲಿ ಫೋರ್ಡ್ ಕಂಪನಿಯು ಮದರಾಸಿನ ಬಳಿಯ ಮರೈಮಲೈ ನಗರದಲ್ಲಿ ತಯಾರಿಸಿದ ಇಕೋಸ್ಪೋರ್ಟ್ ಬಂದಿತು, ಜನರು ಮುಗಿಬಿದ್ದರು. ಬಳಿಕ 2016ರಲ್ಲಿ ಮಾರುತಿಯ ವಿಟಾರಾ ಬ್ರೆಜ್ಜಾ, 2017ರಲ್ಲಿ ಟಾಟಾದ ನೆಕ್ಸಾನ್, 2019ರಲ್ಲಿ ಮಹೀಂದ್ರದ ಎಕ್ಸ್‌ಯುವಿ 300 ಮತ್ತು ಹ್ಯುಂಡೈಯ ವೆನ್ಯೂ, 2020ರಲ್ಲಿ ಕಿಯಾ ಸೋನೆಟ್, ನಿಸ್ಸಾನ್ ಮ್ಯಾಗ್ನೈಟ್ ಹೀಗೆ ಸಾಲು ಬೆಳೆಯಿತು. ಬ್ರೆಜ್ಜಾ, ವೆನ್ಯೂ, ಸೋನೆಟ್ ಇವುಗಳ ಉದ್ದವನ್ನು ನೋಡಿದರೆ ಮೂರೂ 3,995 ಮಿಲಿಮೀಟರು. ಮೂರು ಬೇರೆ ಬೇರೆ ಕಂಪನಿಗಳ ಶಿಲ್ಪಿಗಳು ಒಂದೇ ಅಳತೆಯಲ್ಲಿ ಸೌಂದರ್ಯವನ್ನು ಕಂಡರೆಂದು ನಂಬುವಷ್ಟು ಮುಗ್ಧರು ನಮ್ಮ ವಾಚಕರಲ್ಲ. ಬ್ರೆಜ್ಜಾ ಗಾಡಿಯ ವಿಷಯದಲ್ಲಂತೂ ಇನ್ನೊಂದು ವಿನೋದವಿದೆ. 2020ರಿಂದ ಅದರಲ್ಲಿರುವ ಪೆಟ್ರೋಲ್ ಎಂಜಿನ್ನು 1,462 ಸಿ.ಸಿ.ಯದಾದ್ದರಿಂದ ಉದ್ದದಲ್ಲಿ ಗೆರೆಯೊಳಗಿದ್ದೂ ಎಂಜಿನ್ನಿನಲ್ಲಿ ಗೆರೆ ದಾಟಿ, ಹೆಚ್ಚಿನ ತೆರಿಗೆಯನ್ನೇ ತೆರುತ್ತದೆ.

ಇಷ್ಟನ್ನು ಹೇಳಿದುದು ಹೀಯಾಳಿಸುವುದಕ್ಕಲ್ಲ. ತೆರಿಗೆಯ ಅಚ್ಚಿನಲ್ಲಿ ಎರಕ ಹೊಯ್ದ ಈ ಗಾಡಿಯಿಂದ ಮಾಲೀಕನಿಗೆ ದೊರೆತಿರುವ ಸುಖವು ನಿಜವಾದುದೇ. ನಮ್ಮ ಪರಿಚಿತರಾದ ವಕೀಲರೊಬ್ಬರ ತಾಯಿಗೆ ಎಪ್ಪತ್ತೆಂಟು ವರುಷ; ಮಂಡಿನೋವು. ಹಳೆಯ ತಗ್ಗಿನ ಕಾರಿನಲ್ಲಿ ಕೂಡುವುದೆಂದರೆ ಅವರಿಗೆ ಬಾವಿಗೆ ಇಳಿದಂತೆ, ಏಳುವುದೆಂದರೆ ಇಬ್ಬರು ಕೈಹಿಡಿದು ಸೇದಬೇಕು. ಈಗಿನ ಗಾಡಿಯ ಆಸನವು ಸೊಂಟದ ಮಟ್ಟಕ್ಕಿರುವುದರಿಂದ ಆಕೆ ಬಾಗಿಲು ತೆರೆದು ಹಿಂದಕ್ಕೆ ಸರಿದು ಕೂತರೆ ಆಯಿತು. ಈ ಒಂದು ಕಾರಣದಿಂದಲೇ ಗಾಡಿಯ ಸಾಲ ತೀರಿಸುವುದರಲ್ಲಿ ತಮಗೆ ಬೇಸರವಿಲ್ಲವೆಂದು ಅವರು ನಮ್ಮೊಡನೆ ಹೇಳಿದ್ದುಂಟು. ಎಂಜಿನ್ನಿನ ಶಕ್ತಿಯ ವರ್ಣನೆಗಿಂತ ಈ ಮಾತಿನಲ್ಲಿ ಹೆಚ್ಚು ಸತ್ಯವಿದೆಯೆಂದು ನಮ್ಮ ಭಾವನೆ.

ನೆಲದಿಂದ ಗಾಡಿಯ ತಳಕ್ಕಿರುವ ಎತ್ತರದ ಸಂಗತಿಯೂ ಹಾಗೆಯೇ. ಬ್ರೆಜ್ಜಾಗೆ 198 ಮಿಲಿಮೀಟರು, ಮೊದಲ ನೆಕ್ಸಾನಿಗೆ 209. ಇದು ಯಾವ ಕಾಡಿನ ಸಾಹಸಕ್ಕಾಗಿ ಎಂದು ಕೇಳಿದರೆ, ನಮ್ಮ ಪಾಲಿಕೆಯ ಬೀದಿಗಾಗಿ ಎಂದೇ ಉತ್ತರ ಹೇಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕ್ರಮದಂತೆ ರಸ್ತೆಯ ಉಬ್ಬು 10 ಸೆಂಟಿಮೀಟರು ಎತ್ತರವೂ 3.7 ಮೀಟರು ಅಗಲವೂ ಆಗಿ, ಆಮೆಯ ಬೆನ್ನಿನಂತೆ ಸಾವಕಾಶವಾಗಿ ಏರಿ ಇಳಿಯತಕ್ಕದ್ದು. ನಮ್ಮ ಬಡಾವಣೆಗಳಲ್ಲಿರುವ ಉಬ್ಬುಗಳನ್ನು ಅಳೆಯುವ ಧೈರ್ಯವುಳ್ಳ ಎಂಜಿನಿಯರು ಯಾರಾದರೂ ಇದ್ದರೆ ಅಳೆದು ನೋಡಲಿ! ಸರಕಾರವೂ ಸ್ಥಳೀಯ ಸಂಸ್ಥೆಗಳೂ ನೆಟ್ಟಗೆ ಹಾಕಬೇಕಾಗಿದ್ದ ರಸ್ತೆಯ ಕೊರತೆಯನ್ನು ಪ್ರಜೆಯು ತನ್ನ ಸಾಲದ ದುಡ್ಡಿನಿಂದ ಎತ್ತರದ ಗಾಡಿ ಕೊಂಡು ತುಂಬಿಕೊಳ್ಳುತ್ತಿದ್ದಾನೆ. ಹಾಗೆ ಕೊಂಡುದಕ್ಕೆ ನಮ್ಮ ರಾಜ್ಯದಲ್ಲಿ ಆಜೀವ ತೆರಿಗೆ ಬೇರೆ. 2025ರಲ್ಲಿ ಜಾರಿಯಲ್ಲಿದ್ದ ದರದಂತೆ 5ರಿಂದ 10 ಲಕ್ಷದವರೆಗಿನ ಕಾರಿಗೆ ಶೇಕಡಾ 14. 10 ಲಕ್ಷ ದಾಟಿದರೆ 17. ಇದರ ಮೇಲೆ ಉಪಕರ. ಕೇಂದ್ರವು ಗಿಡ್ಡ ಗಾಡಿಯೆಂದು ರಿಯಾಯಿತಿ ತೋರಿಸಿದ್ದನ್ನು ರಾಜ್ಯವು ಬೆಲೆಯ ಲೆಕ್ಕದಲ್ಲಿ ಒಂದಿಷ್ಟು ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಎಸ್‌ಯುವಿ ಎಂಬ ಹೆಸರಿಗೆ ಮರುಳಾಗಿ ನಾಲ್ಕು ಚಕ್ರಗಳೂ ಎಳೆಯುತ್ತವೆಂದು ತಿಳಿದು ಕೊಂಡವರನ್ನೂ ನಾವು ಬಲ್ಲೆವು. ನಾಲ್ಕು ಮೀಟರಿನೊಳಗಿನ ಈ ಗಾಡಿಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಮುಂದಿನ ಎರಡು ಚಕ್ರಗಳಿಂದಲೇ ಎಳೆಯತಕ್ಕವು. ತೀರ್ಥಹಳ್ಳಿಯ ಕಡೆಯ ತೋಟದ ಮಾಲೀಕರೊಬ್ಬರು ಆಷಾಢದ ಕೆಸರಿನಲ್ಲಿ ಸಿಕ್ಕಿಕೊಂಡು, ಪಕ್ಕದ ಮನೆಯ ಮೂವತ್ತು ವರುಷದ ಜೀಪಿನಿಂದ ಹೊರಗೆಳೆಸಿಕೊಂಡರು. ಆದರೆ ಅದೇ ಗಾಡಿಯು ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಉದ್ದದ ಗಾಡಿಗಳಿಗಿಂತ ಸುಲಭವಾಗಿ ಮುರಿದುಕೊಂಡು ಇಳಿಯುತ್ತದೆಂಬುದನ್ನೂ ಅವರು ಒತ್ತಿ ಹೇಳುತ್ತಾರೆ. ಗಿಡ್ಡತನದ ಲಾಭವು ಘಾಟಿಯಲ್ಲಿಯೂ ಪಟ್ಟಣದ ಸಂದಿಯಲ್ಲಿಯೂ ಕಾಣುತ್ತದೆ. ನಷ್ಟವು ಕಾಣುವುದು ಮದುವೆಗೆ ಹೊರಟಾಗ. ಬ್ರೆಜ್ಜಾದ ಡಿಕ್ಕಿಯ ಅಳತೆ 328 ಲೀಟರು. ಎರಡು ದೊಡ್ಡ ಪೆಟ್ಟಿಗೆ, ಒಂದು ಕೈಚೀಲ, ಮೇಲೊಂದು ಹಣ್ಣಿನ ಬುಟ್ಟಿ ಇಟ್ಟರೆ ಮುಗಿಯಿತು. ಹಿಂದಿನ ಆಸನದಲ್ಲಿ ಮೂರು ಜನ ದೊಡ್ಡವರು ಕೂತರೆ ನಡುವಿನವನ ಭುಜವು ಇಬ್ಬರಿಗೂ ಸೇರಿದ್ದಾಗುತ್ತದೆ. ಐದು ಜನರ ಗಾಡಿಯೆಂದು ಕಾಗದದಲ್ಲಿದ್ದರೂ ನಾಲ್ಕು ಜನ ಮತ್ತು ಒಂದು ಮಗುವಿನ ಗಾಡಿಯೆಂದು ತಿಳಿದು ಕೊಂಡರೆ ಮನಸ್ತಾಪವಿರದು.

ಇನ್ನು ಮೈಲೇಜಿನ ಮಾತು. ಮಾಲೀಕರು ಎಲ್ಲಕ್ಕಿಂತ ಹೆಚ್ಚಾಗಿ ಮಾತಾಡುವುದು ಇದನ್ನು ಕುರಿತು. ಎಲ್ಲಕ್ಕಿಂತ ಕಡಮೆ ಲೆಕ್ಕವಿಡುವುದೂ ಇದನ್ನೇ. 2016ರ ಡೀಸೆಲ್ ಬ್ರೆಜ್ಜಾಗೆ ಲೀಟರಿಗೆ 24.3 ಕಿಲೋಮೀಟರೆಂಬ ಪ್ರಮಾಣಪತ್ರವಿದ್ದಿತು. ಈ ಬಗೆಯ ಅಂಕಿಯು ಸುಳ್ಳಲ್ಲ. ಆದರೆ ಅದು ರಸ್ತೆಯ ಮೇಲೆ ಹುಟ್ಟಿದ್ದಲ್ಲ. ಪರೀಕ್ಷಾಗೃಹದಲ್ಲಿ ಗಾಡಿಯ ಚಕ್ರಗಳನ್ನು ಉರುಳೆಗಳ ಮೇಲಿಟ್ಟು, ಗೊತ್ತುಮಾಡಿದ ಕ್ರಮದಲ್ಲಿ ವೇಗವನ್ನು ಏರಿಸಿ ಇಳಿಸಿ, ಗಂಟೆಗೆ 90 ಕಿಲೋಮೀಟರನ್ನು ದಾಟದಂತೆ ಓಡಿಸಿ ಹೊಗೆಯಿಂದ ಲೆಕ್ಕ ಹಾಕತಕ್ಕದ್ದು. ಅಲ್ಲಿ ಎದುರುಗಾಳಿಯಿಲ್ಲ, ಹೊಂಡವಿಲ್ಲ, ನೆಂಟರಿಲ್ಲ, ಬಹುಕಾಲ ಎ.ಸಿ.ಯನ್ನೂ ಹಾಕದೆಯೇ ಆ ಪರೀಕ್ಷೆ ನಡೆದಿದೆ. ಮೂರು ಸಿಲಿಂಡರಿನ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಈ ಅಂತರವು ಇನ್ನೂ ಹೆಚ್ಚು. 1,200 ಸಿ.ಸಿ.ಯ ಗೆರೆಯೊಳಗಿದ್ದುಕೊಂಡೇ ದೊಡ್ಡ ಎಂಜಿನ್ನಿನ ಬಲವನ್ನು ಕೊಡಿಸುವುದಕ್ಕಾಗಿ ಟರ್ಬೊ ಯಂತ್ರವು ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದಾಗ ಪೆಟ್ರೋಲೂ ಹೆಚ್ಚಾಗಿ ಹೋಗಬೇಕಷ್ಟೆ. ಮೆಲ್ಲಗೆ ತುಳಿದವನಿಗೆ ಲೀಟರಿಗೆ 17 ಕೊಡುವ ಗಾಡಿಯು ಆತುರಗಾರನಿಗೆ 10 ಕೊಟ್ಟರೆ ಎರಡೂ ಸತ್ಯವೇ. ಆದುದರಿಂದ ಒಬ್ಬನ ಮೈಲೇಜನ್ನು ಕೇಳಿ ಇನ್ನೊಬ್ಬನು ಗಾಡಿ ಕೊಳ್ಳುವುದು, ಒಬ್ಬರ ಕನ್ನಡಕವನ್ನು ಇನ್ನೊಬ್ಬರು ಹಾಕಿಕೊಂಡ ಹಾಗೆ.

ಇದರ ಮೇಲೆ ಈಗ ಎಥೆನಾಲಿನ ಪ್ರಶ್ನೆಯೂ ಸೇರಿದೆ. ಪೆಟ್ರೋಲಿನಲ್ಲಿ ಶೇಕಡಾ 20ರ ಪಾಲು ಎಥೆನಾಲು ಬೆರೆಸಿದ ಇಂಧನವು 2025ರ ವೇಳೆಗೆ ದೇಶದಾದ್ಯಂತ ಬಂಕುಗಳಿಗೆ ಬಂದಿತು. ಅಳತೆಯಲ್ಲಿ ಸಮವಾದ ಎಥೆನಾಲಿನಲ್ಲಿ ಪೆಟ್ರೋಲಿನ ಶಕ್ತಿಯ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಇರತಕ್ಕದ್ದೆಂಬುದು ರಸಾಯನಶಾಸ್ತ್ರದ ಮಾತು, ವಾದದ ಮಾತಲ್ಲ. ಕೇಂದ್ರ ಪೆಟ್ರೋಲಿಯಂ ಖಾತೆಯೇ 2025ರ ಆಗಸ್ಟಿನಲ್ಲಿ ಒಂದು ಹೇಳಿಕೆಯನ್ನು ಹೊರಡಿಸಿತು. ಹೊಸ ಮಿಶ್ರಣಕ್ಕೆ ಹೊಂದಿಸಿದ ಗಾಡಿಗಳಲ್ಲಿ ಶೇಕಡಾ 1ರಿಂದ 2, ಉಳಿದವುಗಳಲ್ಲಿ 3ರಿಂದ 6ರವರೆಗೆ ಮೈಲೇಜು ಇಳಿಯಬಹುದೆಂದು ಅದರಲ್ಲಿ ಒಪ್ಪಿತು. ಲೀಟರಿಗೆ 15 ಕಿಲೋಮೀಟರು ಕೊಡುತ್ತಿದ್ದ ಹಳೆಯ ಗಾಡಿಗೆ ಇದು ಅರ್ಧ ಕಿಲೋಮೀಟರಿನಿಂದ ಹೆಚ್ಚೆಂದರೆ ಒಂದು ಕಿಲೋಮೀಟರಿನಷ್ಟು. ಕಬ್ಬು ಮೆಕ್ಕೆಜೋಳಗಳನ್ನು ಬೆಳೆಯುವ ರೈತನಿಗೂ ವಿದೇಶೀ ತೈಲದ ವೆಚ್ಚವನ್ನು ತೆರುವ ದೇಶಕ್ಕೂ ಇದರಿಂದ ಸಹಾಯವಿದೆಯೆಂಬ ಮಾತಿಗೆ ನಮ್ಮ ಆಕ್ಷೇಪವಿಲ್ಲ. ಆದರೆ ಬಂಕಿನಲ್ಲಿ ಹಳೆಯ ಇಂಧನ ಹೊಸ ಇಂಧನ ಎಂಬ ಆಯ್ಕೆಯನ್ನು ಸಾಮಾನ್ಯ ಗ್ರಾಹಕನಿಗೆ ಬಿಡದೆಯೇ ಮಿಶ್ರಣವನ್ನು ಹೊಯ್ದದ್ದು ಸರಿಯೆ? ನಮ್ಮಲ್ಲಿಗೆ ಬರುವ ಮಾಲೀಕರಲ್ಲಿ ಕೆಲವರು ಮೈಲೇಜು ಮೂರನೆಯ ಒಂದು ಭಾಗ ಇಳಿಯಿತೆನ್ನುತ್ತಾರೆ. ಎಷ್ಟು ಲೀಟರಿಗೆ ಎಷ್ಟು ದೂರ, ಯಾವ ತಿಂಗಳು, ಟೈರಿನ ಗಾಳಿ ಎಷ್ಟಿತ್ತು ಎಂದು ಕೇಳಿದರೆ ಉತ್ತರವಿಲ್ಲ. ಲೆಕ್ಕವಿಲ್ಲದ ದೂರಿಗೆ ಸರಕಾರವು ಹೆದರುವುದಿಲ್ಲ.

ನಮ್ಮ ಕಾರ್ಯಾಲಯದ್ದೇ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ತಯಾರಕರ ಹೆಸರೂ ಮಾರಿದವರ ಹೆಸರೂ ಬೇಡ. 2021ರಲ್ಲಿ ನಾವು ಈ ಜಾತಿಯ ಡೀಸೆಲ್ ಗಾಡಿಯೊಂದನ್ನು ಕೊಂಡೆವು. ಬೆಳಗಿನ ಜಾವ ಮುದ್ರಣಾಲಯದಿಂದ ಪತ್ರಿಕೆಯ ಕಟ್ಟುಗಳನ್ನು ಬಸ್ ನಿಲ್ದಾಣಕ್ಕೂ ರೈಲ್ವೆ ನಿಲ್ದಾಣಕ್ಕೂ ಸಾಗಿಸುವುದು, ಹಗಲು ಹೊತ್ತು ಕೋರ್ಟು ಕಚೇರಿಗಳಿಗೆ ಓಡಾಡುವುದು, ಇದು ಅದರ ಕೆಲಸ. ಒಂದೊಂದು ಓಟವೂ ಎರಡು ಮೂರು ಕಿಲೋಮೀಟರು. ಕೊಳ್ಳುವಾಗ ನಾವು ಈ ಉಪಯೋಗವನ್ನು ಬಾಯಿಬಿಟ್ಟು ಹೇಳಿದ್ದೆವು. ಡೀಸೆಲೇ ಮೇಲೆಂದು ಶೋರೂಮಿನವರು ಹೇಳಿದರು. ಹನ್ನೊಂದನೆಯ ತಿಂಗಳಿನಲ್ಲಿ ಚಾಲಕನ ಮುಂದಣ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡು ಆರಲೊಲ್ಲದಾಯಿತು. ಆಮೇಲೆ ಗಾಡಿಯ ಬಲವೇ ಕುಗ್ಗಿತು. ಸರ್ವಿಸ್ ಸೆಂಟರಿನಲ್ಲಿ ಎರಡು ದಿನ ಇಟ್ಟುಕೊಂಡು ಬಿಲ್ಲು ಕೊಟ್ಟ ಬಳಿಕ ಅಲ್ಲಿಯ ತರುಣನು ನಮ್ಮ ಡ್ರೈವರನ್ನು ಬದಿಗೆ ಕರೆದು, “ಅಣ್ಣಾ, ಈ ಗಾಡಿಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ಹೈವೇಯಲ್ಲಿ ಅರ್ಧ ಗಂಟೆ ಓಡಿಸ್ಬೇಕು, ಊರೊಳಗೇ ಇಟ್ಕೊಂಡ್ರೆ ಮತ್ತೆ ಬರುತ್ತೆ” ಎಂದನಂತೆ.

ಕಾರಣವು ಹೀಗಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮವನ್ನು ಮುಟ್ಟುವುದಕ್ಕಾಗಿ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವೊಂದನ್ನು ಇಡುತ್ತಾರೆ. ಡಿ.ಪಿ.ಎಫ್. ಎಂದು ಅದರ ಹೆಸರು. ಹಿಡಿದಿಟ್ಟ ಮಸಿಯು ಆಗಾಗ ಸುಟ್ಟು ಬೂದಿಯಾಗಬೇಕು. ಅದಕ್ಕೆ ಹೊಗೆಯು ಸುಮಾರು 600 ಡಿಗ್ರಿಯಷ್ಟು ಕಾಯಬೇಕು. ಅಷ್ಟು ಕಾಯಬೇಕಾದರೆ ಗಾಡಿಯು ಒಂದೇ ಸಮನೆ ವೇಗವಾಗಿ ಓಡಬೇಕು. ಎರಡು ಕಿಲೋಮೀಟರಿಗೊಮ್ಮೆ ನಿಲ್ಲುವ ಗಾಡಿಯಲ್ಲಿ ಮಸಿಯು ಸುಡದೆ ಸೇರುತ್ತ ಹೋಗುತ್ತದೆ. ಸುಡುವುದಕ್ಕೆಂದು ಯಂತ್ರವು ಹೆಚ್ಚಾಗಿ ಹೊಯ್ದ ಡೀಸೆಲು, ಆ ಕ್ರಿಯೆಯು ನಡುವೆ ನಿಂತಾಗ, ಸ್ವಲ್ಪ ಸ್ವಲ್ಪವಾಗಿ ಎಂಜಿನ್ ಆಯಿಲಿಗೆ ಇಳಿಯುವುದೂ ಉಂಟು. ಗಾಡಿಗೆ ನೀಡುವ ಕೈಪಿಡಿಯಲ್ಲಿ ಇದೆಲ್ಲ ಬರೆದಿದೆ. ಆದರೆ ಆ ಕೈಪಿಡಿಯು ಕೈಗೆ ಬರುವುದು ಹಣವನ್ನು ಕೊಟ್ಟ ಮೇಲೆ, ಅದೂ ಇಂಗ್ಲಿಷಿನಲ್ಲಿ. ಕನ್ನಡನಾಡಿನಲ್ಲಿ ಮಾರುವ ಗಾಡಿಯ ಎಚ್ಚರಿಕೆಯ ಮಾತು ಕನ್ನಡದಲ್ಲಿರಬೇಕೆಂದು ಕೇಳುವುದು ಭಾಷಾಭಿಮಾನವಷ್ಟೇ ಅಲ್ಲ. ಗಾಡಿಯನ್ನು ನಿಜವಾಗಿ ನಡೆಯಿಸುವ ನಮ್ಮ ಡ್ರೈವರನು ಓದುವುದು ಕನ್ನಡವನ್ನು.

ಗೇರುಗಳ ಸಂಗತಿಯೂ ಇದೇ ಬಗೆಯದು. ಕ್ಲಚ್ಚು ತುಳಿಯುವ ಕಷ್ಟವಿಲ್ಲದ ಗಾಡಿಗಳೆಲ್ಲವನ್ನೂ ಶೋರೂಮಿನಲ್ಲಿ ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಅವುಗಳಲ್ಲಿ ಅಗ್ಗದ ಎ.ಎಂ.ಟಿ. ಎಂಬುದು ಸಾಮಾನ್ಯ ಗೇರುಪೆಟ್ಟಿಗೆಯನ್ನೇ ಯಂತ್ರದ ಕೈಯಿಂದ ಬದಲಾಯಿಸುವಂಥದು. ಗೇರು ಬದಲಾಗುವಾಗಲೆಲ್ಲ ಕೂತವರ ತಲೆ ತೂಗುತ್ತದೆ. ಎರಡು ಕ್ಲಚ್ಚಿನ ಡಿ.ಸಿ.ಟಿ. ಹೆದ್ದಾರಿಯಲ್ಲಿ ಬೆಣ್ಣೆಯಂತೆ ನಡೆಯುವುದಾದರೂ, ಒಣ ಕ್ಲಚ್ಚಿನದಾದರೆ, ಬೆಂಗಳೂರಿನ ಸಂಜೆಯ ಸಂದಣಿಯಲ್ಲಿ ಅಂಗುಲ ಅಂಗುಲವಾಗಿ ತೆವಳುವಾಗ ಕಾಯುತ್ತದೆ. ಹಳೆಯ ಬಗೆಯ ಟಾರ್ಕ್ ಕನ್ವರ್ಟರು ತುಸು ಹೆಚ್ಚು ಇಂಧನ ಕುಡಿದರೂ ತಾಳ್ಮೆಯುಳ್ಳದ್ದು. ಈ ಮೂರನ್ನೂ ವಿಂಗಡಿಸಿ ಹೇಳುವುದಕ್ಕೆ ಐದು ನಿಮಿಷ ಸಾಕು.

ಸುರಕ್ಷತೆಯ ವಿಷಯದಲ್ಲಿ ನಮ್ಮ ದೇಶದ ಕಾರ್ಖಾನೆಗಳು ಮಾಡಿರುವ ಕೆಲಸವನ್ನು ಮೆಚ್ಚಿ ಹೇಳದಿದ್ದರೆ ಕೃತಘ್ನತೆಯಾದೀತು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗಾಗಿ ಐದು ನಕ್ಷತ್ರಗಳನ್ನು ಗಳಿಸಿದ ಮೊದಲನೆಯ ಭಾರತೀಯ ಕಾರೆಂದರೆ, 2018ರ ಡಿಸೆಂಬರಿನಲ್ಲಿ, ಈ ಗಿಡ್ಡ ಜಾತಿಯದೇ ಆದ ನೆಕ್ಸಾನ್. ಅದೇ ವರುಷ ಆಗಸ್ಟಿನಲ್ಲಿ ಅದಕ್ಕೆ ನಾಲ್ಕೇ ನಕ್ಷತ್ರ ದೊರೆತಿದ್ದವು. ತಯಾರಕರು ತಿದ್ದಿಕೊಂಡು ಮತ್ತೆ ಪರೀಕ್ಷೆಗೆ ಕೊಟ್ಟರು. ಎಕ್ಸ್‌ಯುವಿ 300 ಗಾಡಿಗೆ 2020ರ ಜನವರಿಯಲ್ಲಿ ಐದು ನಕ್ಷತ್ರ ದೊರೆತವು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷಾಕ್ರಮವು ಆರಂಭವಾಯಿತು. ಇದು ಸಣ್ಣ ಸಂಗತಿಯಲ್ಲ. 2022ನೆಯ ಒಂದೇ ವರುಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಸತ್ತರು. ಹತ್ತು ವರುಷಗಳ ಹಿಂದೆ ಕಾರು ಕೊಳ್ಳುವವನು ಬಣ್ಣವನ್ನೂ ಮೈಲೇಜನ್ನೂ ಕೇಳುತ್ತಿದ್ದನು. ಈಗ ನಕ್ಷತ್ರವೆಷ್ಟೆಂದು ಕೇಳುತ್ತಾನೆ. ಕೇಳಿ ಕೊಂಡವನು ಮಾತ್ರ ಹಿಂದಿನ ಆಸನದ ಬೆಲ್ಟನ್ನು ಆಸನದ ಸಂದಿಯಲ್ಲಿ ತುರುಕಿಟ್ಟು ಮಕ್ಕಳನ್ನು ಮುಂದೆ ತೊಡೆಯ ಮೇಲೆ ಕೂಡಿಸಿಕೊಂಡು ಹೊರಡುತ್ತಾನೆ! ಐದು ನಕ್ಷತ್ರವು ಬೆಲ್ಟು ಕಟ್ಟಿದ ಬೊಂಬೆಗೆ ಸಿಕ್ಕ ಅಂಕವೆಂಬುದು ಅವನಿಗೆ ಗೊತ್ತಿಲ್ಲವೆ? ಗೊತ್ತಿದೆ.

ಕೊಂಡ ಮೇಲಿನ ವರುಷಗಳಲ್ಲಿ ಮಾಲೀಕನ ಅನುಭವವನ್ನು ನಿರ್ಣಯಿಸುವುದು ಬಿಡಿಭಾಗಗಳು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಮೀರಿದ ದಂಡವನ್ನು ವಿಧಿಸಿತು. ಅಸಲಿ ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗಗೊಡದೆ, ಗ್ರಾಹಕನು ತಮ್ಮ ಸರ್ವಿಸ್ ಸೆಂಟರಿಗೇ ಬರುವಂತೆ ಮಾಡಿದರೆಂಬುದು ಆಪಾದನೆಯ ಸಾರ. ಸ್ವದೇಶೀ ಕಂಪನಿಗಳೂ ವಿದೇಶೀ ಕಂಪನಿಗಳೂ ಆ ಪಟ್ಟಿಯಲ್ಲಿ ಒಟ್ಟೊಟ್ಟಿಗೆ ಇದ್ದವು. ಮೇಲ್ಮನವಿಗಳು ನಡೆದವು, ಕೆಲವರ ದಂಡವು ಇಳಿಯಿತು. ನಮಗೆ ಮುಖ್ಯವಾದುದು ದಂಡದ ಮೊತ್ತವಲ್ಲ. ಈ ಮೊಕದ್ದಮೆಯು ಹುಟ್ಟಿದ್ದು ಸಾಮಾನ್ಯ ನಾಗರಿಕನೊಬ್ಬನು ಬರೆದುಕೊಟ್ಟ ದೂರಿನಿಂದ.

ಕಂಪನಿಯೇ ಹೊರಟುಹೋದರೆ ಏನು ಗತಿ? ಇದಕ್ಕೂ ಉದಾಹರಣೆಯಿದೆ. ಈ ಜಾತಿಯ ಗಾಡಿಗೆ ನಮ್ಮಲ್ಲಿ ಮಾರುಕಟ್ಟೆಯನ್ನು ತೆರೆದುಕೊಟ್ಟ ಫೋರ್ಡ್ ಕಂಪನಿಯು, ಹತ್ತು ವರುಷಗಳಲ್ಲಿ 200 ಕೋಟಿ ಡಾಲರಿಗೂ ಮೀರಿದ ನಷ್ಟವಾಯಿತೆಂದು ಹೇಳಿ, 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. 2022ರಲ್ಲಿ ಕೊನೆಯ ಇಕೋಸ್ಪೋರ್ಟ್ ಹೊರಬಿದ್ದಿತು. ಬಿಡಿಭಾಗ ಸರ್ವಿಸುಗಳು ನಿಲ್ಲವೆಂದು ಕಂಪನಿಯು ಅಭಯವಿತ್ತಿತು. ಆದರೆ ಪ್ರಕಟಣೆಗೆ ಎರಡು ತಿಂಗಳ ಹಿಂದೆ 11 ಲಕ್ಷ ಕೊಟ್ಟು ಕೊಂಡವನ ಸ್ಥಿತಿಯನ್ನು ಯೋಚಿಸಿರಿ. ಗಾಡಿಯು ಒಂದಿನಿತೂ ಕೆಡಲಿಲ್ಲ; ಎಂಜಿನ್ನು ಮೊದಲಿನಂತೆಯೇ ಇದೆ; ಸ್ಟಿಯರಿಂಗಿನ ಹಿತವನ್ನು ಇಂದಿಗೂ ಅದರ ಮಾಲೀಕರು ಹೊಗಳುತ್ತಾರೆ. ಆದರೂ ಒಂದು ಮಧ್ಯಾಹ್ನದಲ್ಲಿ ಅದರ ಮಾರಾಟದ ಬೆಲೆ ಕುಸಿಯಿತು. ಜಿಲ್ಲಾ ಪಟ್ಟಣದಲ್ಲಿ ಹತ್ತಿರದ ಶೋರೂಮು ಮುಚ್ಚಿದ ಮೇಲೆ ಬಂಪರೊಂದಕ್ಕಾಗಿ ಬೆಂಗಳೂರಿಗೆ ಬರೆದು ವಾರಗಟ್ಟಲೆ ಕಾಯುವುದು ಅವನ ಪಾಲಿಗೆ ಬಂದಿತು. ನಾಡಿನಲ್ಲಿ ಗಾಡಿ ಮಾರುವ ಕಂಪನಿಯು, ಮಾರಾಟ ನಿಂತ ಬಳಿಕ ಇಂತಿಷ್ಟು ವರುಷ ಇಂತಿಂಥ ಭಾಗಗಳನ್ನು ಇಂತಿಷ್ಟು ದಿನಗಳೊಳಗೆ ಒದಗಿಸತಕ್ಕದ್ದೆಂದು ಶಾಸನದಲ್ಲಿಯೇ ಬರೆದಿರಬೇಕು. ಅಭಯವಚನವು ಸಾಲದು.

ಮಾಲೀಕರ ಮೌನಕ್ಕೆ ಇಲ್ಲಿಯೇ ಕಾರಣ ಸಿಕ್ಕುತ್ತದೆ. ತನ್ನ ಗಾಡಿಯಲ್ಲಿ ಇಂಥ ದೋಷವಿದೆಯೆಂದು ನಾಲ್ಕು ಜನರೆದುರು ಹೇಳಿದರೆ ನಾಳೆ ಮಾರುವಾಗ ಬೆಲೆ ಬಾರದು. ಬಂಧುಗಳ ಮಾತನ್ನು ಮೀರಿ ಕೊಂಡಿದ್ದರಂತೂ ಮುಖಭಂಗ ಬೇರೆ. ಇನ್ನು ಕೆಲವರು ಗಾಡಿಯ ಕಂಪನಿಯನ್ನು ತಮ್ಮ ಪಕ್ಷವೆಂದೇ ಭಾವಿಸಿಬಿಡುತ್ತಾರೆ. ಸ್ವದೇಶೀ ಕಂಪನಿಯ ಗಾಡಿಯ ತೆರೆಯು ಸುಮ್ಮನೆ ಕಪ್ಪಾಗುತ್ತದೆ, ಬಾಗಿಲು ಕಿರುಗುಟ್ಟುತ್ತದೆ ಎಂದರೆ ದೇಶದ್ರೋಹವೆಂದೂ, ಕೊರಿಯದ ಗಾಡಿಯ ತಗಡು ತೆಳ್ಳಗೆಂದರೆ ಮತ್ಸರವೆಂದೂ ತಿಳಿಯುವವರಿದ್ದಾರೆ. ಸ್ವದೇಶಿಯಲ್ಲಿ ನಂಬಿಕೆಯುಳ್ಳ ನಾವು ಈ ವಾದವನ್ನು ಒಪ್ಪುವುದಿಲ್ಲ. ಸ್ವದೇಶೀ ಖಾದಿಯಲ್ಲಿ ಎಳೆ ಬಿಟ್ಟಿದ್ದರೆ ನೇಯ್ದವನಿಗೆ ಹೇಳಿದರಲ್ಲವೆ ಮುಂದಿನ ಮಗ್ಗ ಸರಿಯಾಗುವುದು?

ಮತ್ತು ಹೇಳಿದ್ದು ವ್ಯರ್ಥವಾಗದಂತೆ ಈಗ ಕಾನೂನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಶಾಸನದ 110ಎ ಕಲಮು ಹೇಳುವುದಿದು: ಒಂದು ಮಾದರಿಯ ಗಾಡಿಯಲ್ಲಿರುವ ದೋಷವು ಕೂತವರಿಗಾಗಲಿ ರಸ್ತೆಯಲ್ಲಿರುವ ಇತರರಿಗಾಗಲಿ ಪರಿಸರಕ್ಕಾಗಲಿ ಹಾನಿ ತರುವಂಥದಾಗಿದ್ದು, ಗೊತ್ತುಮಾಡಿದ ಪ್ರಮಾಣದ ಮಾಲೀಕರು ಅದನ್ನು ಸರಕಾರಕ್ಕೆ ವರದಿ ಮಾಡಿದರೆ, ಆ ಗಾಡಿಗಳನ್ನೆಲ್ಲ ಹಿಂದಕ್ಕೆ ಕರೆಸಿಕೊಳ್ಳುವಂತೆ ತಯಾರಕನಿಗೆ ಆಜ್ಞೆ ಮಾಡಬಹುದು. ದುರಸ್ತಿ ಮಾಡಿಕೊಡಬೇಕು, ಇಲ್ಲವೆ ಬೇರೆ ಗಾಡಿ ಕೊಡಬೇಕು, ಇಲ್ಲವೆ ಹಣ ಹಿಂತಿರುಗಿಸಬೇಕು. 2021ರ ಏಪ್ರಿಲ್ 1ರಿಂದ ಇದರ ನಿಯಮಗಳು ಜಾರಿಯಲ್ಲಿವೆ. ಏಳು ವರುಷಕ್ಕೆ ಮೀರದ ಗಾಡಿಗಳಿಗೆ ಅನ್ವಯಿಸುತ್ತವೆ. ಕಲಮಿನ ಮಾತನ್ನು ಗಮನಿಸಬೇಕು: ಮಾಲೀಕರ ಸಂಖ್ಯೆ. ಒಂದೇ ದೋಷವನ್ನು ಸಾವಿರ ಜನ ಅನುಭವಿಸಿ ಸಾವಿರ ಮೆಕ್ಯಾನಿಕರಿಗೆ ಬೇರೆ ಬೇರೆಯಾಗಿ ಹೇಳಿದರೆ ಶಾಸನದ ದೃಷ್ಟಿಯಲ್ಲಿ ಅದು ಸೊನ್ನೆ.

ಒಬ್ಬನ ಗಾಡಿಯ ದೋಷಕ್ಕೆ ಜಿಲ್ಲಾ ಗ್ರಾಹಕ ಆಯೋಗದ ದಾರಿಯಿದೆ. 50 ಲಕ್ಷದವರೆಗಿನ ವ್ಯವಹಾರವನ್ನು ಅದು ವಿಚಾರಿಸುತ್ತದೆ. 5 ಲಕ್ಷ ಮೀರಿ 10 ಲಕ್ಷದೊಳಗಿನ ಬೆಲೆಯ ವಸ್ತುವಿಗೆ ಶುಲ್ಕ 200 ರೂಪಾಯಿ, 20 ಲಕ್ಷದೊಳಗಿದ್ದರೆ 400. ಆದರೆ ಅಲ್ಲಿ ಗೆಲ್ಲುವುದು ಜಾಬ್ ಕಾರ್ಡುಗಳನ್ನು ಜೋಪಾನವಾಗಿಟ್ಟವನು. ಸರ್ವಿಸಿಗೆ ಬಿಡುವಾಗ ದೋಷವನ್ನು ಬಾಯಲ್ಲಿ ಹೇಳದೆ ಕಾರ್ಡಿನ ಮೇಲೆ ಬರೆಯಿಸಬೇಕು. “ಅದೆಲ್ಲ ಬರೆಯೋದು ಬೇಡ ಸಾರ್, ನೋಡ್ಕೋತೀವಿ” ಎಂದರೆ ಗಾಡಿಯ ಕೀಲಿಯನ್ನೇ ಕೊಡಬಾರದು. ಎರಡನೆಯ ಸಲ ಅದೇ ದೋಷ ಬಂದಾಗ ಮೊದಲಿನ ಕಾರ್ಡಿನ ಸಂಖ್ಯೆಯನ್ನು ಹೊಸದರಲ್ಲಿ ಕಾಣಿಸಬೇಕು.

ನಮ್ಮ ಓದುಗರಲ್ಲಿ ಈ ಜಾತಿಯ ಗಾಡಿಯನ್ನು ಒಂದು ವರುಷಕ್ಕೆ ಕಡಮೆಯಿಲ್ಲದೆ ನಡೆಯಿಸಿದವರು ತಮ್ಮ ಅನುಭವವನ್ನು ನಮಗೆ ಬರೆದು ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇವೆ. ಮಾದರಿ, ಎಂಜಿನ್ನು, ಕೊಂಡ ತಿಂಗಳು, ಈವರೆಗೆ ಓಡಿದ ಕಿಲೋಮೀಟರು, ಟ್ಯಾಂಕು ತುಂಬಿಸಿ ತುಂಬಿಸಿ ಲೆಕ್ಕ ಹಾಕಿದ ಮೈಲೇಜು, ಸರ್ವಿಸಿಗೆ ಕೊಟ್ಟ ಹಣ, ಬಿಡಿಭಾಗಕ್ಕಾಗಿ ಕಾದ ದಿನಗಳು, ಬಂದ ದೋಷ, ಅದು ಎಷ್ಟನೆಯ ಸಲಕ್ಕೆ ಸರಿಹೋಯಿತು ಎಂಬುದು, ಇಷ್ಟಿದ್ದರೆ ಸಾಕು. ಹೊಗಳಿಕೆಗೂ ಅಷ್ಟೇ ಸ್ಥಳವುಂಟು. ಒಂದೇ ದೋಷವು ಹಲವರ ಪತ್ರಗಳಲ್ಲಿ ಕಂಡರೆ, ಬರೆದವರ ಒಪ್ಪಿಗೆಯನ್ನು ಪಡೆದು, ಸಂಬಂಧಪಟ್ಟ ಖಾತೆಗೆ ನಮ್ಮ ಖರ್ಚಿನಿಂದಲೇ ಕಳುಹಿಸುತ್ತೇವೆ. ಬರೆದವರ ಹೆಸರನ್ನಾಗಲಿ ಗಾಡಿಯ ನೋಂದಣಿ ಸಂಖ್ಯೆಯನ್ನಾಗಲಿ ಅಚ್ಚು ಮಾಡುವುದಿಲ್ಲ. ಮಾರುವವರಿದ್ದರೆ ಅವರ ಬೆಲೆಗೆ ನಮ್ಮಿಂದ ಕುಂದು ಬಾರದು.